ಶೆಡ್ಡಿಗೆ ಸೌದೆ ಸ್ಟೌವ್: ಕೊಡಗಿನ ವೆಲ್ಡಿಂಗ್ ಅಂಗಡಿಗಳ ಡಬ್ಬಿ ಒಲೆ ಹೇಗಿದೆ?

ಒಲೆಗೆ ಐದಕ್ಕೆ ನಾಲ್ಕು ಅಂಕ, ಅದರ ಜೊತೆ ಕೊಡುವ ಹೊಗೆ ಪೈಪಿಗೆ ಒಂದೂವರೆ. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆ ವೆಲ್ಡಿಂಗ್ ಅಂಗಡಿಗಳಲ್ಲಿ ಆರ್ಡರ್ ಕೊಟ್ಟು ಮಾಡಿಸುವ ಎಂಎಸ್ (ಸಾಮಾನ್ಯ ಮೆದು ಉಕ್ಕು) ಶೀಟಿನ ಡಬ್ಬಿ ಒಲೆಯ ಬಗ್ಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಜನ ದುಡ್ಡು ಹಾಕುವುದು ಒಲೆಗೆ, ಬೆಂಕಿ ಬೀಳುವುದು ಪೈಪಿನಿಂದ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯಬೇಕಾಗಿದೆ. ಇಲ್ಲಿನ ಮಾತು ಮನೆಯಿಂದ ಬೇರೆಯಾಗಿ ನಿಂತ ಜೀಪ್ ಶೆಡ್ಡು, ರಿಪೇರಿ ಶೆಡ್ಡು, ಸಾಮಾನು ಕೋಣೆಗಳಿಗೆ ಸಂಬಂಧಿಸಿದ್ದು. ಹೋಂಸ್ಟೇಯ ಹಾಲಿನಲ್ಲಿ ಅತಿಥಿಗಳ ಫೋಟೋಗೆ ಇಡುವ ಒಲೆಯ ಲೆಕ್ಕವೇ ಬೇರೆ.

ಕೊಡಗಿನಲ್ಲಿ ಶೆಡ್ಡಿಗೆ ಬಿಸಿ ಬೇಕಾಗುವುದು ಚಳಿಗಿಂತ ಹೆಚ್ಚಾಗಿ ತೇವಕ್ಕೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲಿನ ರಾತ್ರಿಗಳಲ್ಲಿ ಕೈ ಮರಗಟ್ಟುವುದು ನಿಜ, ಆದರೆ ಹಗಲು ಬಿಸಿಲು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಇಲ್ಲ, ಕರೆಂಟೂ ನೆಚ್ಚಿಕೊಳ್ಳುವಂಥದ್ದಲ್ಲ. ಸ್ಪ್ಯಾನರ್ ಸೆಟ್ಟು, ಕತ್ತಿ, ಗರಗಸದ ಚೈನು, ಮೋಟಾರಿನ ಕಾಯಿಲು ಎಲ್ಲಕ್ಕೂ ಕಕ್ಕಡದ (ಕೊಡವರ ಆಟಿ ತಿಂಗಳು) ಮಳೆಯಲ್ಲೇ ತುಕ್ಕು, ಬೂಷ್ಟು. ಲೆಕ್ಕ ಸರಳ: ಹೊರಗೆ 18 ಡಿಗ್ರಿ, ತೇವಾಂಶ ಶೇ 95 ಇರುವ ಗಾಳಿಯನ್ನು 26 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ 58ರ ಆಸುಪಾಸಿಗೆ ಇಳಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಜೋರಾಗಿ ಹಿಡಿಯುವುದು ಶೇ 60 ದಾಟಿದ ಮೇಲೆ. ಅಂದರೆ ಎಂಟು ಡಿಗ್ರಿ ಏರಿಸಿದರೆ ಕೆಲಸ ಆಯಿತು. ಬೆವರು ಬರುವಷ್ಟು ಬಿಸಿ ಬೇಕಿಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಒಲೆಯ ಅಳತೆಯಿಂದ ಸೌದೆಯ ಲೆಕ್ಕದವರೆಗೆ ಎಲ್ಲ ಸರಿಹೋಗುತ್ತದೆ.

ಪೈಪಿಲ್ಲದ ಗ್ಯಾಸ್ ಹೀಟರ್ ಇದಕ್ಕೆ ಉತ್ತರ ಅಲ್ಲ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟಿ ಶೆಡ್ಡಿನೊಳಗೇ ಉಳಿಯುತ್ತದೆ. ಬಾಣಲೆಯಲ್ಲಿ ಕೆಂಡ ತುಂಬಿ ತಂದು ಬಾಗಿಲು ಹಾಕಿಕೊಳ್ಳುವ ಹಳೆಯ ರೂಢಿಯಂತೂ ಪ್ರಾಣಕ್ಕೇ ಎರವು. ಹೊಗೆ ಕಾಣದ ಕೆಂಡವೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬಿಡುವುದು. ಅದಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ. ಸುಟ್ಟ ಗಾಳಿಯನ್ನೂ ಅದರ ನೀರಾವಿಯನ್ನೂ ಚಿಮಣಿಯಲ್ಲಿ ಹೊರಗೆ ಕಳಿಸುವ ಮುಚ್ಚಿದ ಒಲೆ ಗೆಲ್ಲುವುದು ಇಲ್ಲೇ.

ಇನ್ನು ಜಾಗ. ಇದರಲ್ಲಿ ರಾಜಿ ಇಲ್ಲ. ಜೀಪು, ಬೈಕು, ಬ್ರಷ್ ಕಟರ್, ಚೈನ್ ಸಾ, ಪೆಟ್ರೋಲ್ ಕ್ಯಾನು ನಿಲ್ಲುವ ಕೋಣೆಯಲ್ಲೇ ಸೌದೆ ಒಲೆ ಇಡಕೂಡದು. ಸೌದೆ ಒಲೆ ಮಾಮೂಲಾಗಿರುವ ಅಮೆರಿಕದಲ್ಲೂ ಎನ್‌ಎಫ್‌ಪಿಎ 211 ಎಂಬ ನಿಯಮಾವಳಿ ಪೆಟ್ರೋಲ್ ಆವಿ ಇರುವ ಜಾಗದಲ್ಲಿ ಇದನ್ನು ನೇರವಾಗಿ ನಿಷೇಧಿಸುತ್ತದೆ. ಕಾರಣ ಕಷ್ಟದ್ದೇನಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಲೆಯ ಗಾಳಿ ಕಿಂಡಿ ಹೀರುವುದೂ ಅದೇ ನೆಲಮಟ್ಟದ ಗಾಳಿಯನ್ನು. ‘18 ಇಂಚು ಎತ್ತರಕ್ಕಿಟ್ಟರೆ ನಡೆಯುತ್ತೆ’ ಎಂದು ಅಂಗಡಿಯವರು ಹೇಳುವುದುಂಟು. ಆ 18 ಇಂಚಿನ ನಿಯಮ ಗ್ಯಾರೇಜಿನಲ್ಲಿಡುವ ಗ್ಯಾಸ್ ಉಪಕರಣಗಳದ್ದು, ಸೌದೆ ಒಲೆಗೆ ಅನ್ವಯಿಸುವುದಿಲ್ಲ. ‘ನಮ್ಮದು ಡೀಸೆಲ್ ಜೀಪು’ ಎಂಬ ಸಮಾಧಾನವೂ ಬೇಡ. ಶೆಡ್ಡಿನ ಮೂಲೆಯಲ್ಲಿ ಟು-ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನ್ ಇಲ್ಲದ ತೋಟ ಸಿಗುವುದು ಅಪರೂಪ.

ದಾರಿ ಇರುವುದು ಒಂದೇ, ಶೆಡ್ಡನ್ನು ಎರಡು ಮಾಡುವುದು. ನಡುವೆ 6 ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಎರಡೂ ಕಡೆ ಪ್ಲಾಸ್ಟರ್, ಮೇಲೆ ಶೀಟಿಗೆ ತಾಗುವವರೆಗೆ. ಗೋಡೆಯ ತಲೆಗೂ ಶೀಟಿನ ಅಲೆಗೂ ನಡುವಿನ ಸಂದನ್ನು ಗಾರೆಯಿಂದ ಮುಚ್ಚಬೇಕು. ಇದನ್ನೇ ಮೇಸ್ತ್ರಿಗಳು ಬಿಟ್ಟುಬಿಡುವುದು. ನಡುವೆ ಬಾಗಿಲು ಇಡಬೇಡಿ, ಒಲೆ ಕೋಣೆಗೆ ಹೊರಗಿನಿಂದಲೇ ಬೇರೆ ಬಾಗಿಲು ಇರಲಿ. ಒಲೆ ಕೋಣೆಯ ನೆಲ ಜೀಪ್ ನಿಲ್ಲುವ ನೆಲಕ್ಕಿಂತ 4-6 ಇಂಚು ಎತ್ತರವಿದ್ದರೆ ಆವಿ ಹರಿದು ಬರುವುದಿಲ್ಲ. ಪೆಟ್ರೋಲ್ ಯಂತ್ರಗಳು, ಥಿನ್ನರ್, ಪೇಂಟು, ಕೀಟನಾಶಕ ಜೀಪಿನ ಕಡೆಗೆ. ಬ್ಯಾಟರಿ ಚಾರ್ಜ್ ಮಾಡುವುದೂ ಅಲ್ಲೇ, ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಪಾರ್ಚ್‌ಮೆಂಟ್, ಚೆರಿ ಕಾಫಿಯ ಚೀಲಗಳನ್ನು ‘ಬೆಚ್ಚಗಿರಲಿ’ ಎಂದು ಒಲೆ ಕೋಣೆಗೆ ತರುವ ಆಸೆ ಆಗಬಹುದು. ಗೋಣಿಗೆ ಬೆಂಕಿ ಬೇಗ ಹತ್ತುತ್ತದೆ, ಕಾಫಿ ಹೊಗೆ ವಾಸನೆ ಹೀರಿಕೊಂಡು ಕುಡಿಯುವ ಕಪ್ಪಿನಲ್ಲಿ ಸಿಕ್ಕಿಬೀಳುತ್ತದೆ. ಕೋವಿ ಇರುವ ಮನೆಗಳಲ್ಲಿ ತೋಟಾ ಪೆಟ್ಟಿಗೆ ಶೆಡ್ಡಿನ ಅಟ್ಟದ ಮೇಲೆ ಉಳಿದಿರುವುದುಂಟು, ಅದನ್ನೂ ಹುಡುಕಿ ತೆಗೆಯಿರಿ.

ಈಗ ಒಲೆ. 12 ಅಡಿಗೆ 16 ಅಡಿ ಕೋಣೆ, 9 ಇಂಚಿನ ಇಟ್ಟಿಗೆ ಗೋಡೆ, ಸೀಲಿಂಗ್ ಇಲ್ಲದ ತಗಡಿನ ಮಾಡು ಎಂದಿಟ್ಟುಕೊಂಡರೆ ಎಂಟು ಡಿಗ್ರಿ ಏರಿಸಲು ಸುಮಾರು 2ರಿಂದ 2.5 ಕಿಲೋವ್ಯಾಟ್ ಶಾಖ ಸಾಕು. ಒಣ ಸೌದೆ ಕೆಜಿಗೆ ಸುಮಾರು 4 ಯುನಿಟ್ ಶಾಖ ಕೊಡುತ್ತದೆ. ಅದರಲ್ಲಿ ಅರ್ಧ ಚಿಮಣಿಗೆ ಹೋದರೂ ಗಂಟೆಗೆ ಒಂದು, ಒಂದೂಕಾಲು ಕೆಜಿ ಸೌದೆಯಲ್ಲಿ ಮುಗಿಯಿತು. ಇದಕ್ಕೆ 18 ಇಂಚು ಆಳ, 16 ಅಗಲ, 16 ಎತ್ತರದ ಡಬ್ಬಿ ಹೆಚ್ಚೇ ಆಯಿತು. ಅಂಗಡಿಯವರು ತೋರಿಸುವ ಎರಡೂವರೆ ಅಡಿಯ ದೊಡ್ಡ ಡಬ್ಬಿ ತೆಗೆದುಕೊಂಡರೆ ತಡೆಯಲಾಗದ ಸೆಕೆಯಾಗಿ ಗಾಳಿ ಕಿಂಡಿ ಮುಚ್ಚುತ್ತೀರಿ. ಬೆಂಕಿ ಉರಿಯುವ ಬದಲು ಹೊಗೆಯಾಡುತ್ತದೆ, ಆ ಹೊಗೆ ಪೈಪಿನಲ್ಲಿ ಟಾರಾಗಿ ಕೂರುತ್ತದೆ. ಚಿಕ್ಕ ಒಲೆ, ಜೋರು ಉರಿ ಸರಿಯಾದ ಜೋಡಿ.

ಶೀಟಿನ ದಪ್ಪದಲ್ಲೇ ಮೋಸ ಹೆಚ್ಚು. 5 ಎಂಎಂ ಎಂದು ಹೇಳಿ 3 ಎಂಎಂ ಹಾಕಿದರೆ ಬಣ್ಣ ಬಳಿದ ಮೇಲೆ ಕಣ್ಣಿಗೆ ಗೊತ್ತಾಗದು, ತಕ್ಕಡಿಗೆ ಗೊತ್ತಾಗುತ್ತದೆ. ಒಂದು ಚದರ ಮೀಟರ್ ಉಕ್ಕಿನ ಶೀಟು ಪ್ರತಿ ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಮೇಲಿನ ಅಳತೆಯ ಡಬ್ಬಿಯ ಆರೂ ಮುಖ ಸೇರಿ ಸುಮಾರು 1.07 ಚದರ ಮೀಟರ್. 5 ಎಂಎಂ ಆದರೆ ಬರೀ ಡಬ್ಬಿ 42 ಕೆಜಿ, 3 ಎಂಎಂ ಆದರೆ ಇಪ್ಪತ್ತೈದು ಚಿಲ್ಲರೆ. ಒಳಗಿನ ಅಡ್ಡ ಪ್ಲೇಟು, ಕಾಲು, ಬಾಗಿಲ ಚೌಕಟ್ಟು ಸೇರಿಸಿದರೆ ಇಟ್ಟಿಗೆ ಇಲ್ಲದೆ 50 ಕೆಜಿ ಆಸುಪಾಸು ಬರಬೇಕು. 33-35 ತೂಗಿದರೆ ಏನು ನಡೆದಿದೆ ಎಂದು ತಿಳಿದುಕೊಳ್ಳಿ. ಹೇಗೂ ಫ್ಯಾಬ್ರಿಕೇಶನ್ ಕೆಲಸಕ್ಕೆ ಕೆಜಿ ಲೆಕ್ಕದಲ್ಲೇ ರೇಟು ಹೇಳುವುದು, ತೂಕ ಹಾಕಿಸಿಕೊಳ್ಳಲು ನಾಚಿಕೆ ಬೇಡ.

ನಮ್ಮ ಕಡೆಯ ವೆಲ್ಡರ್‌ಗಳ ಕೈ ಚೆನ್ನಾಗಿದೆ. ಮೂಲೆಗಳ ವೆಲ್ಡಿಂಗ್ ಒಳಗೂ ಹೊರಗೂ ಪೂರ್ತಿ ಓಡಿಸುತ್ತಾರೆ, ಸೋರುವುದಿಲ್ಲ. ನಾಲ್ಕು ಅಂಕ ಅದಕ್ಕೇ. ಕಳೆದುಹೋದ ಒಂದು ಅಂಕ ಬಾಗಿಲು ಮತ್ತು ಒಳಗಿನ ಪ್ಲೇಟಿನದು. ಬೆಂಕಿ ನೇರ ಪೈಪಿಗೆ ನುಗ್ಗದಂತೆ ಒಳಗೆ ಮೇಲ್ಭಾಗದಲ್ಲಿ 6 ಎಂಎಂ ಪ್ಲೇಟು ಅಡ್ಡ ಇರಬೇಕು. ಅದು ಹಿಂಗೋಡೆಗೆ ಅಂಟಿ ಮುಂದೆ 4 ಇಂಚು ಬಿಟ್ಟು, ಡಬ್ಬಿಯ ತಲೆಯಿಂದ 2 ಇಂಚು ಕೆಳಗೆ ಕೂರಬೇಕು. ಆಗ ಹೊಗೆ ಮುಂದೆ ಬಂದು, ತಿರುಗಿ, ಹಿಂದಿನ ಪೈಪಿಗೆ ಹೋಗುತ್ತದೆ, ಹೋಗುವ ದಾರಿಯಲ್ಲೇ ಇನ್ನೊಮ್ಮೆ ಉರಿಯುತ್ತದೆ. ಹೇಳದಿದ್ದರೆ ಇದನ್ನು ಹಾಕುವುದೇ ಇಲ್ಲ. ಹಾಕಿದರೆ ವೆಲ್ಡ್ ಮಾಡಿ ಕೂರಿಸಿಬಿಡುತ್ತಾರೆ, ಅದೂ ತಪ್ಪು. ಸೊಟ್ಟಗಾಗುವ ಮೊದಲ ಭಾಗ ಇದೇ ಆದ್ದರಿಂದ ಆಂಗಲ್ ತುಂಡಿನ ಮೇಲೆ ಸುಮ್ಮನೆ ಕೂತು ಎಳೆದರೆ ಹೊರಬರುವಂತಿರಬೇಕು.

ಬಾಗಿಲಿಗೆ ಗಾಜು ಕೇಳಬೇಡಿ. ಒಲೆಗೆ ಬೇಕಾದದ್ದು ಸೆರಾಮಿಕ್ ಗಾಜು, 700 ಡಿಗ್ರಿ ತಡೆಯುತ್ತದೆ. ಅಂಗಡಿಯಲ್ಲಿ ಸಿಗುವುದು ಟಫನ್ಡ್ ಗಾಜು, ಮುನ್ನೂರು ಡಿಗ್ರಿ ಹತ್ತಿರ ಹೋದರೆ ಪುಡಿಪುಡಿ. 5 ಎಂಎಂ ಪ್ಲೇಟಿನ ಬಾಗಿಲು, ಅದರ ಒಳಅಂಚಿಗೆ 10-12 ಎಂಎಂ ಗ್ಲಾಸ್ ಫೈಬರ್ ಹಗ್ಗ, ತಿರುಗಿಸಿ ಬಿಗಿಯುವ ಚಿಲಕ. ಪರೀಕ್ಷೆ ಅಲ್ಲೇ ಮಾಡಿ: ಕಾಗದದ ಪಟ್ಟಿಯನ್ನು ಬಾಗಿಲಲ್ಲಿ ಸಿಕ್ಕಿಸಿ ಚಿಲಕ ಹಾಕಿ ಎಳೆಯಿರಿ. ನಾಲ್ಕೂ ಬದಿಯಲ್ಲಿ ಹಿಡಿದುಕೊಳ್ಳಬೇಕು. ಸಾಮಾನ್ಯವಾಗಿ ಹಿಂಜಿನ ಕಡೆ ಮೇಲಿನ ಮೂಲೆಯಲ್ಲಿ ಜಾರುತ್ತದೆ.

ಒಳಗೆ ತಳಕ್ಕೂ ಪಕ್ಕಕ್ಕೂ ಐಎಸ್-8 ದರ್ಜೆಯ ಫೈರ್ ಬ್ರಿಕ್. ಪೂರ್ತಿ ದಪ್ಪದ ಇಟ್ಟಿಗೆಯನ್ನು ಪಕ್ಕಗಳಿಗೂ ನಿಲ್ಲಿಸಿದರೆ 16 ಇಂಚಿನ ಅಗಲದಲ್ಲಿ 11 ಉಳಿಯುವುದೂ ಕಷ್ಟ, ಅಲ್ಲಿಗೆ ಒಂದೂಕಾಲು ಇಂಚಿನ ತೆಳು ಸೀಳು ಇಟ್ಟಿಗೆ ಕೇಳಿ. ಗಾರೆ ಹಾಕಿ ಅಂಟಿಸಬೇಡಿ, ಸುಮ್ಮನೆ ಜೋಡಿಸಿ. ಒಡೆದದ್ದನ್ನು ಬದಲಿಸಲು ಸುಲಭ. ಟಿಎಂಟಿ ಕಂಬಿಯ ಗ್ರೇಟು ಉಚಿತವಾಗಿ ಕೊಟ್ಟರೂ ವಾಪಸ್ ಕೊಡಿ. ಸೌದೆಗೆ ಗ್ರೇಟು ಬೇಡ, ಒಂದಿಂಚು ಬೂದಿಯ ಹಾಸಿನ ಮೇಲೆ ಅದು ಚೆನ್ನಾಗಿ ಉರಿಯುತ್ತದೆ. ಬಣ್ಣ 600 ಡಿಗ್ರಿ ತಡೆಯುವ ಹೀಟ್ ರೆಸಿಸ್ಟೆಂಟ್ ಪೇಂಟೇ ಆಗಿರಲಿ. ಮೊದಲ ಎರಡು-ಮೂರು ಸಣ್ಣ ಉರಿಯನ್ನು ಅಂಗಳದಲ್ಲೇ ಮಾಡಿ, ಬಣ್ಣ ಬೇಯುವ ನಾತ ಹೊರಗೇ ಹೋಗಲಿ.

ಬೇರೆ ಆಯ್ಕೆಗಳ ಬಗ್ಗೆ ಎರಡು ಮಾತು. 200 ಲೀಟರ್ ಡ್ರಮ್ಮು ಕತ್ತರಿಸಿ ಮಾಡಿದ ಒಲೆ ಅಗ್ಗ. ಆದರೆ ಅದರ ತಗಡು ಒಂದು ಎಂಎಂ ಚಿಲ್ಲರೆ, ನಮ್ಮ ತೇವದಲ್ಲಿ ಬೇಗ ತೂತು ಬೀಳುತ್ತದೆ. ಒಳಗೆ ಹಿಂದೆ ಏನಿತ್ತೋ, ಗ್ರೈಂಡರ್ ಇಟ್ಟ ಕ್ಷಣ ಸಿಡಿದ ಡ್ರಮ್ಮುಗಳೂ ಇವೆ. ಹಳೆ ಎಲ್‌ಪಿಜಿ ಸಿಲಿಂಡರ್ ಕತ್ತರಿಸುವವರ ಹತ್ತಿರ ಹೋಗಲೇಬೇಡಿ. ಅಪಾಯ ಒಂದು ಕಡೆ, ಸಿಲಿಂಡರ್ ಗ್ಯಾಸ್ ಕಂಪನಿಯ ಆಸ್ತಿ ಎಂಬುದು ಇನ್ನೊಂದು ಕಡೆ. ವಿದೇಶಿ ಎರಕದ ಒಲೆ ಚೆನ್ನಾಗಿಯೇ ಉರಿಯುತ್ತದೆ, ಆದರೆ ಎರಕ ಬಿರುಕು ಬಿಟ್ಟರೆ ಇಲ್ಲಿ ರಿಪೇರಿ ಕಷ್ಟ, ಶೆಡ್ಡಿಗೆ ಅಷ್ಟು ದುಡ್ಡು ದಂಡ.

ಒಂದೂವರೆ ಅಂಕದ ಪೈಪಿಗೆ ಬರೋಣ. ಅಂಗಡಿಯಲ್ಲಿ ಒಲೆ ಜೊತೆ ಬರುವ ‘ಸೆಟ್’ ಅಂದರೆ 4 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಒಂದು 90 ಡಿಗ್ರಿ ಎಲ್ಬೋ, ಮೇಲೊಂದು ಟೋಪಿ. ಗೋಡೆಗೆ ತೂತು ಹೊಡೆದು ಪೈಪನ್ನು ಹೊರಗೆ ತಂದು, ಸೂರಿನ ಕೆಳಗೇ ನಿಲ್ಲಿಸಿ ಹೋಗುತ್ತಾರೆ. ಇದರಲ್ಲಿ ಸರಿ ಇರುವುದು ಟೋಪಿ ಮಾತ್ರ.

ಜಿಐ ಬೇಡ, ಬಿಸಿಯಾದಾಗ ಸತುವಿನ ಲೇಪ ಹಾಳಾಗುತ್ತದೆ, ಹೆಚ್ಚು ಕಾದರೆ ಹೊಗೆಯೂ ಬರುತ್ತದೆ. 4 ಇಂಚು ಸಾಲದು: ಅದರ ಬಾಯಿ 81 ಚದರ ಸೆಂಟಿಮೀಟರ್, 5 ಇಂಚಿನದು 127. ಈ ಡಬ್ಬಿಗೆ 5 ಇಂಚು ಬೇಕೇ ಬೇಕು, ಒಲೆಯ ತಲೆಯಲ್ಲಿ ಪೈಪು ಕೂರುವ ಕಾಲರ್‌ನಿಂದ ಟೋಪಿಯವರೆಗೆ ಒಂದೇ ಅಳತೆ, ಎಲ್ಲೂ ಕಿರಿದಾಗಬಾರದು. ದಾರಿ ಗೋಡೆಯಲ್ಲಲ್ಲ, ನೇರ ಮಾಡಿನ ಮೂಲಕ. ತಿರುವು ಅನಿವಾರ್ಯವಾದರೆ 45 ಡಿಗ್ರಿಯ ಎರಡು. ಕಾಲರ್‌ನಿಂದ ತುದಿಗೆ ಕನಿಷ್ಠ 15 ಅಡಿ. ಮಾಡನ್ನು ದಾಟಿದ ಜಾಗದಿಂದ ಕನಿಷ್ಠ 3 ಅಡಿ ಮೇಲೆ, ಜೊತೆಗೆ ಸುತ್ತ 10 ಅಡಿ ದೂರದೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ. ಇಷ್ಟಿಲ್ಲದಿದ್ದರೆ ಜುಲೈ ಗಾಳಿ ಹೊಗೆಯನ್ನು ವಾಪಸ್ ಒಳಗೆ ತಳ್ಳುತ್ತದೆ. ಮಾಡಿನ ಮೇಲೆ 5 ಅಡಿಗಿಂತ ಹೆಚ್ಚು ಎದ್ದರೆ ಮೂರು ದಿಕ್ಕಿಗೆ ತಂತಿ ಕಟ್ಟಿ.

ಒಳಗಿನ ಭಾಗಕ್ಕೆ 2 ಎಂಎಂ ಎಂಎಸ್ ಪೈಪು ಸಾಕು, ಅದೇ ಕೋಣೆಗೆ ಶಾಖವನ್ನೂ ಕೊಡುತ್ತದೆ. ಮಾಡಿಗೆ ಒಂದೂವರೆ ಅಡಿ ಕೆಳಗಿನಿಂದ ತುದಿಯವರೆಗೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಗ್ರೇಡಿನ ಡಬಲ್ ಪೈಪು. ಒಳಗೆ 5 ಇಂಚು, ಹೊರಗೆ 9 ಇಂಚು, ನಡುವಿನ 2 ಇಂಚಿಗೆ 128 ಸಾಂದ್ರತೆಯ (ಘನ ಮೀಟರಿಗೆ 128 ಕೆಜಿ) ಸೆರಾಮಿಕ್ ಫೈಬರ್ ಬ್ಲ್ಯಾಂಕೆಟ್ 25 ಎಂಎಂನದು ಎರಡು ಸುತ್ತು. ಸುತ್ತುವಾಗ ಮಾಸ್ಕ್, ಕೈಗವಸು ಬೇಕು. 202 ಗ್ರೇಡು ಹೊಳೆಯುವುದರಲ್ಲಿ 304ರಂತೆಯೇ, ಆದರೆ ಟಾರಿನ ಆಮ್ಲಕ್ಕೂ ನಮ್ಮ ಮಳೆಗೂ ಬೇಗ ಸೋಲುತ್ತದೆ. ಬಿಲ್ಲಿನಲ್ಲಿ ಗ್ರೇಡು ಬರೆಸಿಕೊಳ್ಳಿ. ಹೊರಗೆ ಒಂಟಿ ಪೈಪು ನಿಲ್ಲಿಸಿದರೆ ಮಳೆ ನೀರು ಅದನ್ನು ತಣ್ಣಗೆ ಮಾಡುತ್ತದೆ, ಒಳಗಿನ ಹೊಗೆ ಅಲ್ಲೇ ಬೆವರುತ್ತದೆ, ವಾರದಲ್ಲಿ ಕಪ್ಪು ಜಿಡ್ಡು ಹೆಪ್ಪುಗಟ್ಟುತ್ತದೆ.

ಜೋಡಣೆಯನ್ನು ಹತ್ತಿರದಿಂದ ನೋಡಿ. ಮಳೆನೀರು ಒಳಗೆ ಬಾರದಂತೆ ಮಾಡಿನ ಶೀಟು ಹೊದಿಸಿ ಅಭ್ಯಾಸವಾದ ಕೈ, ಮೇಲಿನ ತುಂಡನ್ನು ಕೆಳಗಿನ ತುಂಡಿನ ಹೊರಗೆ ತೊಡಿಸುತ್ತದೆ. ಹೊಗೆ ಪೈಪಿನಲ್ಲಿ ಸಮಸ್ಯೆ ಒಳಗಿನಿಂದ: ಗೋಡೆಗುಂಟ ಇಳಿಯುವ ಟಾರಿನ ಹನಿ ಜಾಯಿಂಟ್‌ಗೆ ಬಂದಾಗ ಆ ಸಂದಿನಿಂದ ಹೊರಬಂದು, ಪೈಪಿನ ಹೊರಮೈಯಲ್ಲಿ ಉದ್ದ ಕಪ್ಪು ಗೀಟಾಗಿ ಇಳಿದು, ಬಿಸಿ ಒಲೆಯ ತಲೆ ಮೇಲೆ ಬಿದ್ದು ಚುಂಯ್ ಎಂದು ಸುಟ್ಟು ನಾತ ಹಿಡಿಸುತ್ತದೆ. ಒಳಪೈಪಿನಲ್ಲಿ ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಇಳಿಯಬೇಕು. ಆಗ ಹನಿ ಒಲೆಗೇ ವಾಪಸ್ ಬಿದ್ದು ಉರಿದುಹೋಗುತ್ತದೆ. ಡಬಲ್ ಪೈಪಿನ ಹೊರಕವಚಕ್ಕೆ ಮಾತ್ರ ಮಳೆಯ ನಿಯಮ, ಮೇಲಿನದು ಕೆಳಗಿನದರ ಮೇಲೆ ತೊಡಬೇಕು. ಒಂದೇ ಪೈಪಿನಲ್ಲಿ ಎರಡು ವಿರುದ್ಧ ದಿಕ್ಕು ಎಂದರೆ ಕೆಲಸದವರು ನಗುತ್ತಾರೆ. ನಿಂತು ಮಾಡಿಸಿ. ಪ್ರತಿ ಜಾಯಿಂಟಿಗೆ ಮೂರು ಎಸ್‌ಎಸ್ ಸ್ಕ್ರೂ.

ಮಾಡು ದಾಟುವ ಜಾಗವೇ ಬೆಂಕಿಯ ಮೂಲ. ಹಂಚಿನ ಮಾಡಿನ ರೀಪು, ಪಕ್ಕಾಸು ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ವರ್ಷಗಟ್ಟಲೆ ಕಾದು ಒಳಗೇ ಕರಕಲಾಗುತ್ತದೆ, ಆಮೇಲೆ ಹೊತ್ತಿಕೊಳ್ಳಲು ಹಿಂದಿನಷ್ಟು ಬಿಸಿ ಬೇಕಾಗುವುದಿಲ್ಲ. ‘ಎರಡು ವರ್ಷ ಏನೂ ಆಗಿಲ್ಲ’ ಎಂಬುದು ಆದ್ದರಿಂದಲೇ ಆಧಾರವಲ್ಲ. ಒಂಟಿ ಪೈಪಿನಿಂದ ಮರಕ್ಕೆ 18 ಇಂಚು ದೂರ ಇರಬೇಕು. ವಿದೇಶದ ಪರೀಕ್ಷಿತ ಡಬಲ್ ಪೈಪಿಗೆ 2 ಇಂಚು ಸಾಕಾದರೂ ಇಲ್ಲಿ ಮಾಡಿಸಿದ್ದು ಪರೀಕ್ಷೆಯಾಗದ್ದು, 6 ಇಂಚು ಬಿಡಿ. ರೀಪನ್ನು ಕತ್ತರಿಸಿ, ಸುತ್ತ ಕಬ್ಬಿಣದ ಆಂಗಲ್ ಚೌಕಟ್ಟು ಕೊಟ್ಟು, ಆ ಜಾಗದ ಹಂಚು ತೆಗೆದು ತಗಡು ಹಾಕಿಸಿ. ತಗಡಿನ ಮಾಡಾದರೆ ನೀರು ಸೋರದಂತೆ ಪೈಪಿನ ಸುತ್ತ ತೊಡಿಸುವ ಸಿಲಿಕೋನ್ ಬೂಟು ಹೊರಕವಚಕ್ಕೆ ಬಿಗಿಯಬೇಕು, ಬಿಸಿ ಒಳಪೈಪಿಗೆ ಅಲ್ಲ. ಹಳೆಯ ಕಲ್ನಾರಿನ ಸಿಮೆಂಟ್ ಶೀಟಿಗೆ ಡ್ರಿಲ್ ಹಾಕಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇಡೀ ಶೀಟನ್ನು ಇಳಿಸಿ ಅಲ್ಲಿ ತಗಡು ಹಾಕುವುದೇ ಸರಿ.

ಟೋಪಿಗೆ ಕಿಡಿ ಜಾಲರಿ ಬೇಕು, ಜನವರಿಯಿಂದ ಏಪ್ರಿಲ್‌ವರೆಗೆ ಮಾಡಿನ ಮೇಲೆ ಸಿಲ್ವರ್ ಓಕ್ ಮರದ ಎಲೆ ಒಣಗಿ ಬಿದ್ದಿರುತ್ತದೆ. ಕಣ್ಣು 12 ಎಂಎಂಗಿಂತ ಸಣ್ಣದಿದ್ದರೆ ಮಸಿ ಕಟ್ಟಿ ಬಾಯಿಯೇ ಮುಚ್ಚುತ್ತದೆ. ಪೈಪಿನೊಳಗೆ ಪೂರ್ತಿ ಮುಚ್ಚುವ ಚಿಟ್ಟೆ ಡ್ಯಾಂಪರ್ ಹಾಕಿಸಬೇಡಿ. ಹಾಕಿಸಿದರೂ ಅದರ ತಟ್ಟೆಯ ಐದನೇ ಒಂದು ಭಾಗ ಕತ್ತರಿಸಿ ತೆರೆದಿರಲಿ.

ಒಲೆಯ ಸುತ್ತ ಸುಡುವ ವಸ್ತುವಿಗೆ 3 ಅಡಿ ದೂರ. ಬರೀ ಇಟ್ಟಿಗೆ ಗೋಡೆಯಾದರೆ ಒಂದಡಿ ಬಿಟ್ಟರೂ ನಡೆಯುತ್ತದೆ. ಮರದ ಗೋಡೆ, ಪ್ಲೈವುಡ್ ಇದ್ದರೆ ಅದರ ಮುಂದೆ ಒಂದಿಂಚು ಗಾಳಿ ಬಿಟ್ಟು ತಗಡಿನ ತಡೆ ನಿಲ್ಲಿಸಿ, ಮೇಲೆ ಕೆಳಗೆ ಗಾಳಿ ಆಡುವಂತೆ ತೆರೆದಿರಲಿ. ಆಗ 3 ಅಡಿಯನ್ನು ಒಂದಡಿಗೆ ಇಳಿಸಬಹುದು. ತಗಡನ್ನು ಗೋಡೆಗೇ ಅಂಟಿಸಿ ಹೊಡೆದರೆ ಪ್ರಯೋಜನವಿಲ್ಲ, ಹಿಂದಿನ ಮರ ಅಷ್ಟೇ ಕಾಯುತ್ತದೆ. ಮಳೆಗಾಲದಲ್ಲಿ ನಿಜವಾಗಿ ನಡೆಯುವ ಅನಾಹುತ ಮಾತ್ರ ಗೋಡೆಯದ್ದಲ್ಲ, ಬಟ್ಟೆಯದ್ದು. ಒಲೆ ಇದೆ ಎಂದ ಮೇಲೆ ಅದರ ಮೇಲೆ ಹಗ್ಗ ಕಟ್ಟಿ ರೈನ್‌ಕೋಟು, ಕಂಬಳಿ, ಗೋಣಿ ನೇತುಹಾಕದವರು ಕಡಿಮೆ. ಹಗ್ಗ ಕಿತ್ತು ಬಿದ್ದರೂ ಬಟ್ಟೆ ಒಲೆಗೆ ತಾಗದಷ್ಟು ದೂರದ ಗೋಡೆಗೆ ಕಬ್ಬಿಣದ ಸರಳು ಹಾಕಿಸಿ, ಅದೊಂದೇ ನಿಯಮ.

ಬಾಗಿಲು ಕಿಟಕಿಗೆ ಮಳೆಯ ಎರಚಲಿಗೆಂದು ಪ್ಲಾಸ್ಟಿಕ್ ಹೊದಿಸಿದ ಶೆಡ್ಡಿನಲ್ಲಿ ಒಲೆಗೆ ಗಾಳಿ ಸಾಲುವುದಿಲ್ಲ, ಹೊಗೆ ಹಿಂದಕ್ಕೆ ಬರುತ್ತದೆ. ಒಲೆಯ ಹತ್ತಿರ ಹೊರಗೋಡೆಯಲ್ಲಿ 4 ಇಂಚಿನ ತೂತು, ಹೊರಗೆ ಕೆಳಮುಖ ಬೆಂಡು, ಇಲಿ ಬಾರದಂತೆ ಜಾಲರಿ. ಅದು ಜೀಪ್ ಕಡೆಯ ಗೋಡೆಯಲ್ಲಿ ಇರಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇರಲೇಬೇಕು. ಇಎನ್ 50291 (ಇಂಥ ಅಲಾರಂಗಳ ಯುರೋಪಿನ ಮಾನದಂಡ) ಗುರುತು ನೋಡಿ, ಅದು 50 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 50) ಒಂದರಿಂದ ಒಂದೂವರೆ ಗಂಟೆಯೊಳಗೆ, 300 ಪಿಪಿಎಂಗೆ ಮೂರು ನಿಮಿಷದೊಳಗೆ ಕೂಗುತ್ತದೆ. ಒಲೆಯಿಂದ 1-3 ಮೀಟರ್ ದೂರ, ಗೋಡೆಯಲ್ಲಿ ಬಾಗಿಲು, ಕಿಟಕಿಗಿಂತ ಮೇಲೆ, ಮಾಡಿನಿಂದ ಕನಿಷ್ಠ ಅರ್ಧ ಅಡಿ ಕೆಳಗೆ. ಸೆನ್ಸರ್‌ಗೆ ಆಯಸ್ಸಿದೆ, ಹಿಂಬದಿಯಲ್ಲಿ ಬರೆದ ಗಡುವು ಮುಗಿದರೆ ಬಟನ್ ಒತ್ತಿದಾಗ ಕೂಗಿದರೂ ಅದು ಕೆಲಸಕ್ಕೆ ಬಾರದು. ಗ್ರೈಂಡರ್ ಧೂಳಿರುವ ಶೆಡ್ಡಿನಲ್ಲಿ ಹೊಗೆ ಅಲಾರಂ ಸುಮ್ಮಸುಮ್ಮನೆ ಕಿರುಚುತ್ತದೆ, ಬದಲಿಗೆ ಹೀಟ್ ಅಲಾರಂ ಹಾಕಿ.

ಸೌದೆ ನಮ್ಮಲ್ಲಿ ಬೇಕಾದಷ್ಟು, ಒಣ ಸೌದೆ ಮಾತ್ರ ಇಲ್ಲ. ಕಿತ್ತ ರೋಬಸ್ಟಾ ಕಾಫಿ ಗಿಡದ ಬುಡಕ್ಕೆ ಸಮಾನವಾದದ್ದು ಬೇರೆ ಸಿಗದು. ಗಟ್ಟಿ, ಕೆಂಡ ತುಂಬ ಹೊತ್ತು ನಿಲ್ಲುತ್ತದೆ. ಸೀಳುವುದು ಮಾತ್ರ ಹಿಂಸೆ. ಸಿಲ್ವರ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಹೊತ್ತಿಸಲು ಅದು, ನಿಲ್ಲಿಸಲು ಕಾಫಿ. ಹಲಸು ಪರವಾಗಿಲ್ಲ. ಹಾಲುವಾಣ ಒಣಗಿದ ಮೇಲೆ ಬೆಂಡು, ಒಲೆಗೆ ದಂಡ. ಬಿದಿರನ್ನು ಗೆಣ್ಣು ಸೀಳದೆ ಹಾಕಿದರೆ ಸಿಡಿಯುತ್ತದೆ. ಕಾಫಿ ಸಿಪ್ಪೆ ಹೊಗೆಯಾಡುವುದಷ್ಟೇ. ಬಣ್ಣದ ಹಲಗೆ, ಪ್ಲೈವುಡ್, ಔಷಧಿ ಹಚ್ಚಿದ ಬೇಲಿ ಕಂಬ, ಹೊತ್ತಿಸಲು ಹಳೆ ಎಂಜಿನ್ ಆಯಿಲ್ ಇವೆಲ್ಲ ವಿಷದ ಹೊಗೆ.

ಮರಕಪಾತಿನ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಸೌದೆಯನ್ನು ಜನವರಿಯೊಳಗೆ 14 ಇಂಚು ಉದ್ದಕ್ಕೆ ಕೊಯ್ದು, 3-4 ಇಂಚು ದಪ್ಪಕ್ಕೆ ಸೀಳಿ, ನೆಲದಿಂದ ಎತ್ತರಿಸಿ ಬಿಸಿಲಿಗೆ ಒಟ್ಟಬೇಕು, ಮೇ ಕೊನೆಗೆ ಮಾಡಿನ ಕೆಳಗೆ ಸೇರಿಸಬೇಕು. ಸೀಳದ ಗುಂಡುಕಟ್ಟಿಗೆ ಇಷ್ಟರಲ್ಲಿ ಒಣಗುವುದಿಲ್ಲ. ಹಸಿ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು, ಅದು ಕೊಡುವ ಶಾಖವೂ ಒಣಗಿದ್ದರ ಅರ್ಧ, ಉಳಿದದ್ದು ಟಾರು. ಪಿನ್ ಇರುವ ಮಾಯಿಶ್ಚರ್ ಮೀಟರ್ ಕೊಂಡುಕೊಳ್ಳಿ. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ, ಸೀಳಿ ಒಳಮೈಗೆ ಚುಚ್ಚಿ ನೋಡಿ. ಶೇ 20ರ ಕೆಳಗೆ ಬಂದರೆ ಒಲೆಗೆ. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ 4-5 ಕೆಜಿ, ಇಡೀ ಮಳೆಗಾಲಕ್ಕೆ 500-600 ಕೆಜಿ ಸಾಕು. ಒಲೆ ಕೋಣೆಯಲ್ಲಿ ಅಂದಿನ ಸೌದೆ ಮಾತ್ರ ಇರಲಿ, ಅದೂ 3 ಅಡಿ ದೂರದಲ್ಲಿ.

ಉರಿಸುವಾಗ ದಪ್ಪದ್ದು ಕೆಳಗೆ, ಸಣ್ಣದು ಮೇಲೆ, ಬೆಂಕಿ ಮೇಲಿನಿಂದ. ಪೈಪು ಬೇಗ ಬಿಸಿಯಾಗಿ ಎಳೆತ ಹಿಡಿಯುತ್ತದೆ. ಕಾಲರ್‌ನಿಂದ ಒಂದೂವರೆ ಅಡಿ ಮೇಲೆ ಪೈಪಿಗೆ ಅಂಟಿಸುವ ಮ್ಯಾಗ್ನೆಟ್ ಥರ್ಮಾಮೀಟರ್ 115ರಿಂದ 245 ಡಿಗ್ರಿ ನಡುವೆ ತೋರಿಸಬೇಕು. ಅದಕ್ಕಿಂತ ಕಡಿಮೆ ಎಂದರೆ ಟಾರು ಕಟ್ಟುತ್ತಿದೆ ಎಂದರ್ಥ. ಎಸ್‌ಎಸ್ 304ಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಒಳಗಿನ ಭಾಗವನ್ನು ಎಂಎಸ್ ಮಾಡಿಸಲು ಅದೂ ಒಂದು ಕಾರಣ. ರಾತ್ರಿಯಿಡೀ ಉರಿಯಲಿ ಎಂದು ಸೌದೆ ತುಂಬಿ ಗಾಳಿ ಮುಚ್ಚಿ ಹೋಗುವುದು ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೈಪಿಗೆ ಬ್ರಷ್ಷು. ಮಸಿ 3 ಎಂಎಂ ದಪ್ಪ ಕಟ್ಟಿದರೆ ಅಂದೇ ಗುಡಿಸಬೇಕು, ಹೊಳೆಯುವ ಗಾಜಿನಂಥ ಪದರ ಕಂಡರೆ ಒಲೆ ಹಚ್ಚಲೇಬಾರದು. ಪೈಪಿಗೆ ಬೆಂಕಿ ಹಿಡಿದರೆ ಗುಡುಗುಡು ಸದ್ದು ಬರುತ್ತದೆ. ಬಾಗಿಲು, ಗಾಳಿ ಕಿಂಡಿ ಎರಡೂ ಮುಚ್ಚಿ, ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಬಿಸಿ ಒಲೆಗೆ ನೀರು ಎರಚಬೇಡಿ. ಬೆಂಕಿ ನಂದಿಸುವ 6 ಕೆಜಿ ಎಬಿಸಿ ಪೌಡರ್ ಸಿಲಿಂಡರ್ ಬಾಗಿಲ ಬಳಿ ಇರಲಿ, ಒಲೆಯ ಹಿಂದೆ ಅಲ್ಲ.

ಬೂದಿಗೆ ಮುಚ್ಚಳವಿರುವ ಕಬ್ಬಿಣದ ಬಕೆಟ್, ಅದೂ ಹೊರಗೆ ಸಿಮೆಂಟಿನ ಮೇಲೆ, ನಾಲ್ಕು ದಿನ. ಬೂದಿಯೊಳಗೆ ಕೆಂಡ ಅಷ್ಟು ದಿನವೂ ಬದುಕಿರುತ್ತದೆ. ಕಾಫಿ ಬುಡಕ್ಕೆ ಹಾಕುವ ಆತುರ ಫೆಬ್ರವರಿಯ ಒಣ ತರಗೆಲೆಯಲ್ಲಿ ದುಬಾರಿಯಾಗುತ್ತದೆ. ಮಳೆ ನಿಂತು ಒಲೆ ಬಿಡುವಾಗ ಬೂದಿ ಪೂರ್ತಿ ತೆಗೆಯಿರಿ, ತೇವ ಹೀರಿದ ಬೂದಿ ಕ್ಷಾರವಾಗಿ ತಳವನ್ನು ತಿನ್ನುತ್ತದೆ. ಮತ್ತೆ ಹಚ್ಚುವ ಮೊದಲು ಟೋಪಿ ತೆಗೆದು ಟಾರ್ಚ್ ಬಿಟ್ಟು ನೋಡಿ, ಬೇಸಿಗೆಯಲ್ಲಿ ಕಣಜ, ಹಕ್ಕಿಗಳಿಗೆ ಅದು ಒಳ್ಳೆಯ ಮನೆ.

ಆರ್ಡರ್ ಕೊಡುವುದಾದರೆ ಫೆಬ್ರವರಿಯಲ್ಲೇ ಕೊಡಿ. ಏಪ್ರಿಲ್ ದಾಟಿದರೆ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿನ ಶೀಟು, ನೀರುದೋಣಿಯ ಕೆಲಸವೇ ತುಂಬಿಕೊಂಡು, ಒಲೆ ಸಿಕ್ಕರೂ ಪೈಪು ಕೂರಿಸಲು ಜನ ಸಿಗುವುದಿಲ್ಲ. ಒಲೆ, ಪೈಪು ಎರಡಕ್ಕೂ ಬೇರೆ ಬೇರೆ ಕೊಟೇಶನ್ ಕೇಳಿ. ಪೈಪಿನ ಬಿಲ್ಲು ಒಲೆಯದ್ದನ್ನು ಮೀರಿದರೆ ಗಾಬರಿ ಬೇಡ, ಚೌಕಾಸಿ ಮಾಡಲೇಬೇಕೆಂದರೆ ಒಲೆಯ ಬಣ್ಣ, ಹಿಡಿಕೆಗಳಲ್ಲಿ ಮಾಡಿ.